ಜಿಪ್ಸಿ ಎತ್ತರಿಸಲು ಹೊರಟಾಗ: ಐವತ್ತು ಸಾವಿರದೊಳಗೆ ಲಿಫ್ಟ್ ಕಿಟ್ ಹುಡುಕಿದ ಅನುಭವ

ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಕಾಫಿ ತೋಟಕ್ಕೆ ಡಾಂಬರು ರಸ್ತೆಯಿಂದ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿಯಿದೆ. ದಾರಿಯಲ್ಲಿ ಒಂದು ಹಳ್ಳ ದಾಟಬೇಕು, ಎರಡು ಕಡಿದಾದ ಏರು ಹತ್ತಬೇಕು. ಉಳಿದ ಕಡೆಯೆಲ್ಲ ಗೊಬ್ಬರ ಮತ್ತು ಮರ ಸಾಗಿಸುವ ಟ್ರ್ಯಾಕ್ಟರುಗಳು ವರ್ಷಾನುಗಟ್ಟಲೆ ಕೊರೆದ ಗಾಲಿ ಜಾಡುಗಳೇ. ಜಾಡು ಆಳವಾದಂತೆಲ್ಲ ಅವುಗಳ ನಡುವೆ ಉಳಿಯುವ ದಿಂಡು ಎತ್ತರವಾಗುತ್ತದೆ. ಟ್ರ್ಯಾಕ್ಟರಿನ ಹೊಟ್ಟೆ ಎತ್ತರದಲ್ಲಿರುವುದರಿಂದ ಅದಕ್ಕೆ ತೊಂದರೆಯಿಲ್ಲ, ಆದರೆ ನನ್ನ ಜಿಪ್ಸಿ 2021 ಮತ್ತು 2022ರ ಮಳೆಗಾಲದಲ್ಲಿ ಆ ದಿಂಡಿನ ಮೇಲೆ ಐದಾರು ಸಲ ಕೂತುಬಿಟ್ಟಿತ್ತು. ನಾಲ್ಕೂ ಚಕ್ರ ತಿರುಗುತ್ತಿದ್ದರೂ ಗಾಡಿ ಕದಲುತ್ತಿರಲಿಲ್ಲ. ಎತ್ತರಿಸದೆ ಬೇರೆ ದಾರಿಯಿಲ್ಲ ಎಂದು ತೀರ್ಮಾನಿಸಿ, ಐವತ್ತು ಸಾವಿರ ರೂಪಾಯಿಯ ಮಿತಿ ಹಾಕಿಕೊಂಡು, ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳ ಸೆಟ್ಟುಗಳಾದ ಲಿಫ್ಟ್ ಕಿಟ್‌ಗಳನ್ನು ಹುಡುಕಲು ಹೊರಟೆ. ಆರೇಳು ತಿಂಗಳು ನಡೆದ ಆ ಹುಡುಕಾಟದಲ್ಲಿ ಕಲಿತದ್ದು ನನ್ನಂತೆಯೇ ಹಳೆಯ ಜಿಪ್ಸಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 2006ರ ಜಿಪ್ಸಿ ಕಿಂಗ್. 2017ರಲ್ಲಿ ಎರಡನೆಯ ಮಾಲೀಕನಾಗಿ ಕೊಂಡದ್ದು. ಮಾರುತಿಯವರು 1985ರಲ್ಲಿ ಜಿಪ್ಸಿಯನ್ನು ಮಾರುಕಟ್ಟೆಗೆ ತಂದಾಗ ಇದ್ದ ಮೂಲ ರಚನೆಯೇ ಕೊನೆಯವರೆಗೂ ಉಳಿದುಕೊಂಡಿತು. ಏಣಿಯಂಥ ಚಾಸಿಸ್, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಹೌಸಿಂಗ್ ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಆಕ್ಸಲ್ ಕೊಳವೆ, ನಾಲ್ಕು ಮೂಲೆಗೂ ಲೀಫ್ ಸ್ಪ್ರಿಂಗ್ ಅಂದರೆ ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಪ್ಲೇಟು. ಈ ಪ್ಲೇಟುಗಳು ಹೌಸಿಂಗಿನ ಕೆಳಗೆ ಕೂತಿವೆ. ನನ್ನ ಗಾಡಿಯ ಎಡ ಬಲ ಚಕ್ರಗಳ ನಡುವಿನ ಅಗಲ ಸುಮಾರು 1300 ಮಿಲಿಮೀಟರ್ ಮಾತ್ರ, ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 2375 ಮಿಲಿಮೀಟರ್, ನೆಲದಿಂದ ಕ್ರೌನ್ ಹೌಸಿಂಗಿನ (ಹೌಸಿಂಗಿನ ನಡುವೆ ಗೇರುಗಳಿರುವ ಉಬ್ಬು) ತಳಕ್ಕೆ ಕಂಪನಿ ಹೇಳುತ್ತಿದ್ದ ಅಂತರ 210 ಮಿಲಿಮೀಟರ್. ಮುಂದಿನ ವಿಷಯವೆಲ್ಲ ಈ ಅಂಕಿಗಳ ಸುತ್ತಲೇ ಇದೆ.

ಮೊದಲು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. 2022ರ ಅಕ್ಟೋಬರಿನಲ್ಲಿ ಯಾರನ್ನೂ ವಿಚಾರಿಸದೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಉದ್ದದ ಶ್ಯಾಕಲ್‌ಗಳನ್ನು ಮಾಡಿಸಿ ಹಾಕಿಸಿದೆ. ಪ್ಲೇಟಿನ ಒಂದು ತುದಿಯನ್ನು ಚಾಸಿಸ್‌ಗೆ ತೂಗುಹಾಕುವ ಜೋಡಿ ಪಟ್ಟಿಗಳೇ ಶ್ಯಾಕಲ್. ಮೂಲದ್ದಕ್ಕಿಂತ ಮೂರು ಅಂಗುಲ ಉದ್ದದವನ್ನು ಹಾಕಿದರೆ ಗಾಡಿ ಮೂರು ಅಂಗುಲ ಏರುತ್ತದೆ ಎಂದುಕೊಂಡಿದ್ದೆ. ಏರಿದ್ದು ಒಂದೂವರೆ ಅಂಗುಲ, ಏಕೆಂದರೆ ಪ್ಲೇಟಿನ ಒಂದೇ ತುದಿ ಕೆಳಗಿಳಿಯುತ್ತದೆ, ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ, ಮಧ್ಯದಲ್ಲಿರುವ ಹೌಸಿಂಗಿಗೆ ಅದರ ಅರ್ಧದಷ್ಟು ಮಾತ್ರ ಸಿಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕಾಣಿಸಿಕೊಂಡದ್ದು ಚಾರ್ಮಾಡಿ ಘಾಟಿಯಲ್ಲಿ. ಜಿಪ್ಸಿಯ ಮುಂದಿನ ಶ್ಯಾಕಲ್‌ಗಳು ಪ್ಲೇಟಿನ ಮುಂತುದಿಯಲ್ಲಿವೆ. ಆ ತುದಿ ಕೆಳಗಿಳಿದಾಗ ಮುಂದಿನ ಹೌಸಿಂಗ್ ಪೂರ್ತಿ ಮುಂದಕ್ಕೆ ಹೊರಳುತ್ತದೆ, ಕ್ಯಾಸ್ಟರ್ ಎಂಬ ಕೋನ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಇಳಿಜಾರಾಗಿರುವುದರಿಂದಲೇ ಹ್ಯಾಂಡಲ್ ತಾನಾಗಿ ನೇರಕ್ಕೆ ಬರುವಂತೆ, ಕಾರಿನ ಸ್ಟೀರಿಂಗನ್ನು ತಿರುವಿನಿಂದ ನೇರಕ್ಕೆ ಮರಳಿಸುವುದು ಈ ಕೋನವೇ. ಅದು ಹೋದ ಮೇಲೆ ನನ್ನ ಗಾಡಿ ತಿರುವು ಮುಗಿದರೂ ತಿರುಗಿಯೇ ಇರುತ್ತಿತ್ತು, ನಾನೇ ಎಳೆದು ನೇರ ಮಾಡಬೇಕಾಗಿತ್ತು. ಜೊತೆಗೆ ಆ ಶ್ಯಾಕಲ್‌ಗಳ ಎರಡು ಪಟ್ಟಿಗಳ ನಡುವೆ ಅಡ್ಡ ಕಟ್ಟು ಇರಲಿಲ್ಲವಾದ್ದರಿಂದ ಗಾಡಿಯ ಮೈ ಪಕ್ಕಕ್ಕೆ ತೂಗುತ್ತಿತ್ತು. ಕೊಟ್ಟಿಗೆಹಾರದಿಂದ ಉಜಿರೆ ತಲುಪುವಷ್ಟರಲ್ಲಿ ಹೆಂಡತಿ ಒಂದು ಮಾತನ್ನೂ ಆಡದೆ ಮುಂದಿನ ಹಿಡಿಕೆಯನ್ನು ಹಿಡಿದು ಕೂತಿದ್ದಳು. ಮರುವಾರವೇ ಮೂಲ ಶ್ಯಾಕಲ್‌ಗಳನ್ನು ಹಾಕಿಸಿದೆ. ಮೂರೂವರೆ ಸಾವಿರ ರೂಪಾಯಿ ಹೋಯಿತು.

ಆಮೇಲೆ ಹೋದದ್ದು ಊರಿನ ಹಳೆಯ ಮೇಸ್ತ್ರಿಯ ಬಳಿಗೆ. ನಲವತ್ತು ವರ್ಷದಿಂದ ಜೀಪು, ಜಿಪ್ಸಿಗಳ ಕೆಲಸವನ್ನೇ ಮಾಡಿಕೊಂಡು ಬಂದವರು. ಎಷ್ಟು ಇಂಚು ಎತ್ತರಿಸಬೇಕು, ಯಾವ ಕಿಟ್ ಒಳ್ಳೆಯದು ಎಂದು ನಾನು ಕೇಳುತ್ತಿದ್ದರೆ ಅವರು ಉತ್ತರ ಕೊಡಲಿಲ್ಲ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿದರು. ಆಮೇಲೆ ನನ್ನನ್ನೂ ಮಲಗಲು ಹೇಳಿದರು.

“ಇಲ್ನೋಡಿ ಸಾರ್, ಎಲ್ಲೆಲ್ಲಿ ಉಜ್ಜಿದೆ ಅಂತ. ಹೊಟ್ಟೆಗೆ ಒಂದೇ ಕಡೆ ತಗಲಿದೆ. ಮಿಕ್ಕಿದ್ದೆಲ್ಲ ಕ್ರೌನು, ಯು ಬೋಲ್ಟು. ಕ್ರೌನ್ ತಗಲ್ತಾ ಇದ್ರೆ ಪ್ಲೇಟ್ ಎತ್ತರ ಮಾಡಿ ಏನ್ ಬಂತು? ಕ್ರೌನ್ ಚಕ್ರದ ಜೊತೆಗೇ ಇರತ್ತಲ್ಲ.”

ಅವರು ತೋರಿಸಿದ್ದನ್ನು ನಾನು ಆವರೆಗೆ ಗಮನಿಸಿಯೇ ಇರಲಿಲ್ಲ. ಪ್ಲೇಟು ಹೌಸಿಂಗಿನ ಕೆಳಗಿರುವುದರಿಂದ, ಅದನ್ನು ಬಿಗಿದಿರುವ ಯು ಬೋಲ್ಟುಗಳ ನಟ್ಟುಗಳೂ ಅವುಗಳಿಂದ ಹೊರಚಾಚಿದ ಥ್ರೆಡ್‌ಗಳೂ ನೆಲದತ್ತ ಮುಖ ಮಾಡಿ ಇಳಿಬಿದ್ದಿದ್ದವು. ಹಿಂದಿನ ಎಡಗಡೆಯ ಎರಡು ಬೋಲ್ಟುಗಳ ತುದಿ ಕಲ್ಲಿಗೆ ಉಜ್ಜಿ ಉಜ್ಜಿ ಪೆನ್ಸಿಲ್ ಕೆತ್ತಿದಂತೆ ಓರೆಯಾಗಿ ಸವೆದು ಬೆಳ್ಳಗೆ ಹೊಳೆಯುತ್ತಿದ್ದವು. ಕ್ರೌನ್ ಹೌಸಿಂಗಿನ ತಳದ ಬಣ್ಣ ಅಂಗೈ ಅಗಲ ಹೋಗಿತ್ತು. ಚಾಸಿಸ್‌ಗೆ ಸೇರಿದ ಭಾಗಗಳಲ್ಲಿ ಗೀರು ಇದ್ದದ್ದು ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕೆಳಗಿನ ಅಡ್ಡಪಟ್ಟಿಯಲ್ಲಿ ಮಾತ್ರ. ಲಿಫ್ಟ್ ಕಿಟ್ ಎತ್ತುವುದು ಹೌಸಿಂಗಿನ ಮೇಲಿರುವ ಚಾಸಿಸ್ ಮತ್ತು ಬಾಡಿಯನ್ನು. ಗಟ್ಟಿ ಹೌಸಿಂಗಿನ ಗಾಡಿಯಲ್ಲಿ ಕ್ರೌನ್ ಎತ್ತರವಾಗಬೇಕಾದರೆ ಟೈರ್ ದೊಡ್ಡದಾಗಬೇಕು, ಅದೂ ಟೈರಿನ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ಕ್ರೌನಿಗೆ ಸಿಗುತ್ತದೆ. ಜಿಪ್ಸಿಯ 205/70 ಆರ್15 ಟೈರಿನ ವ್ಯಾಸ ಲೆಕ್ಕದ ಪ್ರಕಾರ 668 ಮಿಲಿಮೀಟರ್. ಬಹಳ ಜನ ಹಾಕಿಸುವ 215/75 ಆರ್15ರ ವ್ಯಾಸ ಸುಮಾರು 703. ಅಂದರೆ ಅಷ್ಟು ದೊಡ್ಡ ಟೈರ್ ಹಾಕಿದರೂ ಕ್ರೌನ್ ಏರುವುದು 18 ಮಿಲಿಮೀಟರ್ ಅಷ್ಟೇ. ಅದರ ಜೊತೆಗೆ ಸ್ಪೀಡೋಮೀಟರ್ ಅರವತ್ತು ತೋರಿಸುವಾಗ ಗಾಡಿ ಅರವತ್ತಮೂರರಲ್ಲಿರುತ್ತದೆ, 1.3 ಲೀಟರಿನ ಸಣ್ಣ ಎಂಜಿನ್ನಿಗೆ ಏರಿನಲ್ಲಿ ಅಷ್ಟರಮಟ್ಟಿಗೆ ಭಾರ ಹೆಚ್ಚುತ್ತದೆ.

ಎರಡನೆಯ ಪಾಠ ನಮ್ಮ ಮನೆಯ ಮುಂದಿನ ಕಾಫಿ ಕಣದಲ್ಲೇ ಸಿಕ್ಕಿತು. ಸಿಮೆಂಟು ಹಾಕಿದ ಕಣ ಸಮತಟ್ಟಾಗಿರುತ್ತದೆ, ಅಳತೆಗೆ ಅದಕ್ಕಿಂತ ಒಳ್ಳೆಯ ಜಾಗ ತೋಟದಲ್ಲಿ ಇನ್ನೊಂದಿಲ್ಲ. ನೆರೆಯ ತೋಟದ ಗೆಳೆಯರೊಬ್ಬರ ಬಳಿ ಕಡಿಮೆ ಓಡಿದ 2015ರ ಜಿಪ್ಸಿಯಿತ್ತು. ಎರಡೂ ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ, ಟೈರಿನ ಗಾಳಿ ಒಂದೇ ಸಮ ಮಾಡಿ, ಪ್ರತಿ ಚಕ್ರದ ಹಬ್ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದು ಅಳೆದೆವು. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲವೂ ಲೆಕ್ಕದಲ್ಲಿ ಸೇರಿಬಿಡುತ್ತವೆ, ಹಬ್‌ನಿಂದ ಅಳೆದರೆ ಸ್ಪ್ರಿಂಗಿನ ಸ್ಥಿತಿ ಮಾತ್ರ ತಿಳಿಯುತ್ತದೆ. ನನ್ನ ಗಾಡಿ ಮುಂದೆ ಬಲಕ್ಕೆ 20, ಎಡಕ್ಕೆ 24 ಮಿಲಿಮೀಟರ್, ಹಿಂದೆ ಬಲಕ್ಕೆ 36, ಎಡಕ್ಕೆ 43 ಮಿಲಿಮೀಟರ್ ತಗ್ಗಿತ್ತು. ಅಂದರೆ ಎರಡು ಅಂಗುಲದ ಲಿಫ್ಟ್ ಬೇಕು ಎಂದು ನಾನು ಹುಡುಕುತ್ತಿದ್ದಾಗ, ಹಿಂದಿನ ಎಡ ಮೂಲೆಯಲ್ಲಿ ಒಂದೂಮುಕ್ಕಾಲು ಅಂಗುಲದಷ್ಟು ಕಂಪನಿ ಕೊಟ್ಟ ಎತ್ತರವನ್ನೇ ಕಳೆದುಕೊಂಡಿದ್ದೆ. ಹದಿನಾರು ವರ್ಷ ಗೊಬ್ಬರದ ಚೀಲ, ಕಾಫಿ ಮೂಟೆ ಹೊತ್ತ ಪ್ಲೇಟುಗಳು ಕಮಾನು ಕಳೆದುಕೊಂಡು ಹಲಗೆಯಂತಾಗಿದ್ದವು. ಹಳೆಯ ಗಾಡಿಗೆ ಲಿಫ್ಟ್ ಕಿಟ್ ಹಾಕಿಸಿ “ಮೂರು ಇಂಚು ಏರಿತು” ಎನ್ನುವವರ ಲೆಕ್ಕದಲ್ಲಿ ಅರ್ಧದಷ್ಟು ಹೀಗೆ ಕಳೆದುಕೊಂಡದ್ದು ಮರಳಿ ಬಂದಿರುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು.

ಈ ಎರಡು ವಿಷಯ ತಿಳಿದ ಮೇಲೆ ಕಿಟ್‌ಗಳನ್ನು ನೋಡುವ ರೀತಿಯೇ ಬದಲಾಯಿತು. ನನ್ನ ಮುಂದೆ ಐದು ದಾರಿಗಳಿದ್ದವು. ಬೆಲೆಗಳೆಲ್ಲ 2023ರ ಆರಂಭದಲ್ಲಿ ನನಗೆ ಹೇಳಿದವು, ಈಗ ಬೇರೆಯಾಗಿರಬಹುದು.

ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಈಮು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಹೆಸರನ್ನು ಆಫ್‌ರೋಡ್ ಆಸಕ್ತರೆಲ್ಲ ಕೇಳಿರುತ್ತಾರೆ. ಸಕಲೇಶಪುರದ ಕಡೆಯ ಪರಿಚಿತರೊಬ್ಬರ ಜಿಪ್ಸಿಯಲ್ಲಿ ಆ ಸೆಟ್ ಇತ್ತು. ಅವರ ತೋಟದ ದಾರಿಯಲ್ಲಿ ಅರ್ಧ ದಿನ ಓಡಿಸಿ ನೋಡಿದೆ. ಜಿಪ್ಸಿಯೆಂದರೆ ಬೆನ್ನು ಮುರಿಯುವ ಗಾಡಿ ಎಂಬ ಮಾತು ಆ ಗಾಡಿಗೆ ಅನ್ವಯಿಸುವುದಿಲ್ಲ. ಒಂದು ಚಕ್ರ ಕಲ್ಲು ಹತ್ತಿದಾಗ ಗಾಡಿ ಕುಕ್ಕದೆ, ಮೆಲ್ಲಗೆ ಏರಿ ಅಷ್ಟೇ ಮೆಲ್ಲಗೆ ಇಳಿಯುತ್ತಿತ್ತು. ಅವರ ಅನುಮತಿ ಪಡೆದು ಕೆಳಗೆ ಮಲಗಿ ವರ್ನಿಯರ್ ಹಿಡಿದು ನೋಡಿದಾಗ ಕಾರಣ ಕಂಡಿತು. ಪ್ಲೇಟುಗಳ ಸಂಖ್ಯೆ ಹೆಚ್ಚು, ಆದರೆ ಒಂದೊಂದೂ ತೆಳು. ಲೀಫ್ ಸ್ಪ್ರಿಂಗಿನ ಬಿರುಸು ಪ್ಲೇಟಿನ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಆರು ಮಿಲಿಮೀಟರಿನ ಪ್ಲೇಟಿನ ಬದಲು ಏಳು ಮಿಲಿಮೀಟರಿನದನ್ನು ಹಾಕಿದರೆ ಒಂದು ಮಿಲಿಮೀಟರ್ ತಾನೆ ಎನಿಸುತ್ತದೆ, ಆದರೆ ಅದು ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಗಟ್ಟಿಯಾಗುತ್ತದೆ. ತೆಳುವಾದ ಹಲವು ಪ್ಲೇಟುಗಳು ಅಷ್ಟೇ ಭಾರ ಹೊತ್ತೂ ಚೆನ್ನಾಗಿ ಬಾಗುತ್ತವೆ. ಪ್ಲೇಟಿನ ತುದಿಗಳ ನಡುವೆ ಉಜ್ಜುವಿಕೆ ತಪ್ಪಿಸುವ ಸಣ್ಣ ಪ್ಯಾಡ್‌ಗಳಿದ್ದವು, ಎರಡನೆಯ ಪ್ಲೇಟು ಮೇನ್ ಪ್ಲೇಟಿನ ಕಿವಿಯನ್ನು (ಬೋಲ್ಟು ಹೋಗುವ ತುದಿಯ ಸುರುಳಿ) ಸುತ್ತಿಕೊಂಡಿತ್ತು. ಮೇನ್ ಪ್ಲೇಟು ಕಿವಿಯ ಬಳಿ ತುಂಡಾದರೂ ಹೌಸಿಂಗ್ ಜಾರಿ ಹೋಗದಂತೆ ಅದು ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲ ಮೆಚ್ಚಿದರೂ ಸಾಗಣೆ, ಸುಂಕ, ಕೂಲಿ ಸೇರಿ ಬೆಲೆ ಒಂದು ಲಕ್ಷ ದಾಟುತ್ತಿತ್ತು. ಇಡೀ ಗಾಡಿಯನ್ನು ನಾನು ಕೊಂಡದ್ದೇ ಎರಡು ಲಕ್ಷ ಇಪ್ಪತ್ತು ಸಾವಿರಕ್ಕೆ. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಪ್ಲೇಟನ್ನು ಹೌಸಿಂಗಿನ ಕೆಳಗಿನಿಂದ ಮೇಲಕ್ಕೆ ತರುವುದು. ಆಫ್‌ರೋಡ್ ಸ್ಪರ್ಧೆಗಳ ಹುಡುಗರು ಇದನ್ನು ಸ್ಪ್ರಿಂಗ್ ಓವರ್ ಎನ್ನುತ್ತಾರೆ. ಹೌಸಿಂಗ್ ಕೊಳವೆಯ ದಪ್ಪ ಮತ್ತು ಪ್ಲೇಟು ಸೆಟ್ಟಿನ ದಪ್ಪ ಸೇರಿದಷ್ಟು, ಅಂದರೆ ಐದು ಅಂಗುಲದ ಆಸುಪಾಸು ಒಮ್ಮೆಗೇ ಏರುತ್ತದೆ. ಯು ಬೋಲ್ಟುಗಳ ತಲೆ ಕೆಳಗಾಗಿ ನಟ್ಟುಗಳು ಮೇಲಕ್ಕೆ ಹೋಗುವುದರಿಂದ ಉಜ್ಜುವ ತೊಂದರೆಯೂ ತಪ್ಪುತ್ತದೆ. ಪ್ಲೇಟು ಹಳೆಯದೇ ಇದ್ದರೂ ಸಾಕು, ಆದ್ದರಿಂದ ಮೊದಲಿಗೆ ಬಹಳ ಅಗ್ಗವೆನಿಸುತ್ತದೆ. ನನಗೆ ಹೇಳಿದ ಮೊದಲ ಬೆಲೆ ಮೂವತ್ತು ಸಾವಿರ. ಆದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದಂತೆ ಪಟ್ಟಿ ಬೆಳೆಯಿತು. ಪ್ಲೇಟು ಕೂರುವ ಹೊಸ ಪೀಠಗಳನ್ನು ಹೌಸಿಂಗಿನ ಮೇಲೆ ಸರಿಯಾದ ಕೋನದಲ್ಲಿ ವೆಲ್ಡ್ ಮಾಡಬೇಕು, ಆ ಬಿಸಿಗೆ ಕೊಳವೆ ಬಾಗಬಾರದು. ಸ್ಟೀರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ಎಂಬ ಸರಳು ತೀರಾ ಇಳಿಜಾರಾಗುವುದರಿಂದ ಅದನ್ನು ಬದಲಿಸಬೇಕು. ಬ್ರೇಕ್ ಹೋಸ್‌ಗಳು ಉದ್ದವಾಗಬೇಕು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ನಡುವಿನಲ್ಲಿರುವುದರಿಂದ ಅಲ್ಲಿಂದ ಎರಡೂ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗಳು ಗಿಡ್ಡ. ಐದು ಅಂಗುಲ ಏರಿದರೆ ಅವುಗಳ ಇಳಿಜಾರು ಹೆಚ್ಚಿ ತುದಿಯ ಕೀಲುಗಳಾದ ಕ್ರಾಸ್‌ಗಳು ಬೇಗ ಸವೆಯುತ್ತವೆ, ಶಾಫ್ಟನ್ನೂ ಉದ್ದ ಮಾಡಿಸಬೇಕಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೌಸಿಂಗ್ ತಿರುಚಿಕೊಂಡು ಪ್ಲೇಟು ಎಸ್ ಆಕಾರಕ್ಕೆ ಬಾಗುವುದನ್ನು ತಡೆಯಲು ಇನ್ನೊಂದು ಸರಳು ಬೇಕು. ಎಲ್ಲ ಸೇರಿದರೆ ಅರವತ್ತು ಸಾವಿರ ಮೀರುತ್ತಿತ್ತು. ಹಾಗೆ ಮಾಡಿಸಿದ ಗಾಡಿಯೊಂದನ್ನು ಓಡಿಸಿಯೂ ನೋಡಿದೆ. ಹಳ್ಳದ ಬಂಡೆಗಳ ನಡುವೆ ಅದು ಹೋಗುವ ರೀತಿ ಅದ್ಭುತ. ಆದರೆ ಚಕ್ರಗಳ ನಡುವೆ 1300 ಮಿಲಿಮೀಟರ್ ಅಗಲವಷ್ಟೇ ಇರುವ ಗಾಡಿಯ ಭಾರವೆಲ್ಲ ಐದು ಅಂಗುಲ ಮೇಲಕ್ಕೆ ಹೋದ ಮೇಲೆ, ಪಕ್ಕಕ್ಕೆ ವಾಲಿದ ತೋಟದ ದಾರಿಯಲ್ಲಿ ಕೂತವನಿಗೆ ಎದೆ ಝಲ್ಲೆನ್ನುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಅದು ಹೇಳಿದ್ದಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಬಾಡಿ ಲಿಫ್ಟ್ ಎಂಬುದೂ ಇದೆ. ಚಾಸಿಸ್ ಮತ್ತು ಬಾಡಿಯ ನಡುವೆ ನೈಲಾನ್ ಅಥವಾ ಅಲ್ಯೂಮಿನಿಯಂ ಬಿಲ್ಲೆಗಳನ್ನು ಇಟ್ಟು ಉದ್ದದ ಬೋಲ್ಟು ಹಾಕುವುದು. ಎಂಟು ಸಾವಿರದಲ್ಲಿ ಮುಗಿಯುತ್ತಿತ್ತು, ದೊಡ್ಡ ಟೈರಿಗೆ ಜಾಗ ಸಿಗುತ್ತದೆ. ಚಾಸಿಸ್, ಅಡ್ಡಪಟ್ಟಿ, ಟ್ರಾನ್ಸ್‌ಫರ್ ಕೇಸ್ ಎಲ್ಲ ಇದ್ದಲ್ಲೇ ಇರುತ್ತವೆ. ದಿಂಡಿನ ಮೇಲೆ ಕೂರುವ ನನ್ನ ಗಾಡಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ.

ನಾಲ್ಕನೆಯದು ನಮ್ಮ ಕಡೆ ಎಲ್ಲರೂ ಮಾಡಿಸುವಂಥದ್ದು. ಲಾರಿ ಪ್ಲೇಟು ಕೆಲಸದ ಅಂಗಡಿಗೆ ಹೋಗಿ ಇರುವ ಸೆಟ್ಟಿಗೆ ಒಂದು ಪ್ಲೇಟು ಸೇರಿಸಿ, ಉಳಿದವನ್ನು ಬಡಿದು ಕಮಾನು ಏರಿಸುವುದು. ನಾಲ್ಕೂ ಮೂಲೆಗೆ ಸೇರಿ ಒಂಬತ್ತು ಸಾವಿರ. ಕೆಲಸದವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ತಣ್ಣಗಿರುವ ಉಕ್ಕನ್ನು ಬಡಿದು ಬಾಗಿಸಿದರೆ ಅದು ಹೆಚ್ಚು ಕಾಲ ಹಾಗೆಯೇ ನಿಲ್ಲುವುದಿಲ್ಲ. ಬಿಸಿ ಮಾಡಿ ಬಾಗಿಸಿದರೆ ಮತ್ತೆ ಎಣ್ಣೆಯಲ್ಲಿ ಅದ್ದಿ ಹದ ಮಾಡಬೇಕು, ಹದದ ಕುಲುಮೆ ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ. ಲಾರಿಯ ಹಳೆಯ ಪ್ಲೇಟಿನಿಂದ ಕತ್ತರಿಸಿದ ದಪ್ಪ ತುಂಡನ್ನು ಸೇರಿಸಿದರಂತೂ ದಪ್ಪದ ಘನದ ಲೆಕ್ಕ ಇಲ್ಲಿ ತಿರುಗಿ ಹೊಡೆಯುತ್ತದೆ, ಗಾಡಿ ಎತ್ತರವಾಗುತ್ತದೆ, ಆದರೆ ಸ್ಪ್ರಿಂಗ್ ಬಾಗುವುದನ್ನೇ ಬಿಡುತ್ತದೆ. ಬಾಗದ ಸ್ಪ್ರಿಂಗಿನ ಗಾಡಿ ಗುಂಡಿಯಲ್ಲಿ ಒಂದು ಚಕ್ರವನ್ನು ಗಾಳಿಯಲ್ಲಿ ಎತ್ತಿಬಿಡುತ್ತದೆ, ಆ ಚಕ್ರ ಸುಮ್ಮನೆ ಸುತ್ತುತ್ತದೆ, ಫೋರ್ ವೀಲ್ ಹಾಕಿಯೂ ಗಾಡಿ ನಿಂತುಬಿಡಬಹುದು. ನಮ್ಮಂಥ ದಾರಿಗಳಲ್ಲಿ ಎತ್ತರಕ್ಕಿಂತ ಚಕ್ರ ನೆಲ ಬಿಡದಿರುವುದೇ ಮುಖ್ಯ ಎಂದು ಇದನ್ನು ನೋಡಿದ ಮೇಲೆ ನಂಬಿದ್ದೇನೆ.

ಕೊನೆಗೆ ಉಳಿದದ್ದು ನಮ್ಮ ದೇಶದಲ್ಲೇ ತಯಾರಾಗುವ ಸೆಟ್. ನಾಲ್ಕು ಮೂಲೆಗೂ ಹೊಸ ಪ್ಲೇಟು, ನಾಲ್ಕು ಶಾಕ್ ಅಬ್ಸಾರ್ಬರ್, ಬುಷ್, ಯು ಬೋಲ್ಟು. ಎರಡು ಅಂಗುಲದ ಸೆಟ್ಟಿಗೆ ನಲವತ್ತೆಂಟು ಸಾವಿರ ಹೇಳಿದರು. ಅದನ್ನು ಹಾಕಿದ ಎರಡು ಗಾಡಿಗಳನ್ನು ನೋಡಿದೆ. ವಿದೇಶಿ ಸೆಟ್ಟಿನಷ್ಟು ನಯವಿಲ್ಲ, ಮೂಲ ಜಿಪ್ಸಿಗಿಂತ ಎಷ್ಟೋ ವಾಸಿ. ವಿಚಾರಿಸಬೇಕಾದ್ದು ಇಂಚಿನ ಲೆಕ್ಕವೊಂದನ್ನೇ ಅಲ್ಲ, ಸೆಟ್ಟಿನಲ್ಲಿ ಏನೇನಿಲ್ಲ ಎಂಬುದನ್ನೂ ಎಂದು ಅಲ್ಲಿ ಕಲಿತೆ. ಒಂದು ಸೆಟ್ಟಿನಲ್ಲಿ ಕ್ಯಾಸ್ಟರ್ ಸರಿಪಡಿಸುವ ಉಕ್ಕಿನ ಓರೆ ಬಿಲ್ಲೆಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಒಂದರಲ್ಲಿ ಶಾಕ್‌ಗಳು ಎರಡು ಅಂಗುಲ ಉದ್ದವಾಗಿದ್ದವು, ಇನ್ನೊಂದರಲ್ಲಿ ಮೂಲ ಅಳತೆಯವನ್ನೇ ಕೊಟ್ಟಿದ್ದರು. ಎತ್ತರಿಸಿದ ಗಾಡಿಗೆ ಮೂಲ ಅಳತೆಯ ಶಾಕ್ ಹಾಕಿದರೆ ಚಕ್ರ ಗುಂಡಿಗೆ ಇಳಿಯುವ ಮೊದಲೇ ಶಾಕ್ ಪೂರ್ತಿ ಎಳೆದುಕೊಂಡು ಹಿಡಿದುಬಿಡುತ್ತದೆ, ಕೊಟ್ಟ ಹಣವೆಲ್ಲ ಅಲ್ಲಿಗೆ ವ್ಯರ್ಥ. ಉದ್ದದ ಶಾಕ್ ಹಾಕಿದರೆ ಅದು ಪೂರ್ತಿ ಮಡಚಿ ತಳ ಮುಟ್ಟದಂತೆ, ಹೌಸಿಂಗ್ ತೀರಾ ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪ್‌ಗಳನ್ನೂ ಕೆಳಗಿಳಿಸಬೇಕು. ಆದ್ದರಿಂದ ಶಾಕ್‌ನ ಪೂರ್ತಿ ಎಳೆದ ಉದ್ದ ಮತ್ತು ಪೂರ್ತಿ ಮಡಚಿದ ಉದ್ದ ಎರಡನ್ನೂ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಹಣ ಕೊಡುವ ಮುನ್ನ ಇನ್ನೊಂದು ವಿಷಯವನ್ನು ಓದಿ ತಿಳಿದುಕೊಂಡೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು. ನನ್ನ ಗಾಡಿ 2021ರಲ್ಲಿ ಹದಿನೈದು ವರ್ಷ ಮುಗಿಸಿ ಮರುನೋಂದಣಿಯಾಗಿತ್ತು, 2026ರಲ್ಲಿ ಮತ್ತೆ ಎಫ್‌ಸಿಗೆ ನಿಲ್ಲಿಸಬೇಕಿತ್ತು. ಅಪಘಾತವಾದರೆ ಮಾರ್ಪಾಡಿನ ಕಾರಣ ಹೇಳಿ ವಿಮೆಯ ಹಣ ನಿರಾಕರಿಸುವ ಸಾಧ್ಯತೆಯೂ ಇದೆ. ಘಾಟಿ ರಸ್ತೆಯಲ್ಲಿ ದಿನವೂ ಓಡಾಡುವವನು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಇದೇ ತಯಾರಕರಲ್ಲಿ ಅದೇ ಉಕ್ಕಿನ, ಅಷ್ಟೇ ಪ್ಲೇಟುಗಳ, ಆದರೆ ಕಂಪನಿ ಎತ್ತರಕ್ಕೇ ಕಮಾನು ಕೊಟ್ಟ ಇನ್ನೊಂದು ಸೆಟ್ ಇತ್ತು. ಅಂಗಡಿಯವರು ಅದನ್ನು ತೋರಿಸಿಯೇ ಇರಲಿಲ್ಲ, ನಾನೇ ಕೇಳಿದ ಮೇಲೆ ಹೇಳಿದರು. ಕಣದ ಅಳತೆಯ ಪ್ರಕಾರ ಅದೊಂದನ್ನು ಹಾಕಿದರೇ ನನ್ನ ಗಾಡಿ ಹಿಂದೆ ಒಂದೂವರೆ ಅಂಗುಲದಷ್ಟು ಏರಬೇಕು. ಸ್ಟೀರಿಂಗ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್ ಯಾವುದನ್ನೂ ಮುಟ್ಟಬೇಕಿಲ್ಲ, ಕಾನೂನಿನ ತೊಡಕೂ ಇಲ್ಲ. ಅದನ್ನೇ ಆರಿಸಿದೆ. ಪ್ಲೇಟುಗಳಿಗೆ ಇಪ್ಪತ್ತಾರು ಸಾವಿರ, ಶಾಕ್‌ಗಳಿಗೆ ಹನ್ನೊಂದು ಸಾವಿರದ ಇನ್ನೂರು, ಬುಷ್ ಮತ್ತು ಯು ಬೋಲ್ಟುಗಳಿಗೆ ನಾಲ್ಕು ಸಾವಿರದ ಮುನ್ನೂರು, ಮೇಸ್ತ್ರಿಯ ಕೂಲಿ ನಾಲ್ಕು ಸಾವಿರ.

2023ರ ಮೇ ತಿಂಗಳಲ್ಲಿ ಎರಡು ದಿನ ಕೆಲಸ ನಡೆಯಿತು. ಹಿಂದಿನ ಎಡಗಡೆಯ ಹಳೆಯ ಸೆಟ್ಟನ್ನು ಬಿಚ್ಚಿ, ಪ್ಲೇಟುಗಳನ್ನು ನಡುವೆ ಒಟ್ಟಾಗಿ ಹಿಡಿದಿಡುವ ಸೆಂಟರ್ ಬೋಲ್ಟ್ ತೆಗೆದಾಗ ಎರಡನೆಯ ಪ್ಲೇಟು ಎರಡು ತುಂಡಾಗಿ ಕೈಗೆ ಬಂತು. ಬೋಲ್ಟಿನ ತೂತಿನಿಂದ ಶುರುವಾದ ಬಿರುಕು. ಮುರಿದ ಮುಖದ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು, ಉಳಿದ ಕಾಲು ಭಾಗ ಮಾತ್ರ ಹೊಸದಾಗಿ ಮುರಿದ ಉಕ್ಕಿನ ಬೂದು ಬಣ್ಣದಲ್ಲಿ ಹರಳುಹರಳಾಗಿ ಕಾಣುತ್ತಿತ್ತು. ಎಷ್ಟೋ ತಿಂಗಳಿಂದ ಅರ್ಧ ಬಿರಿದ ಪ್ಲೇಟಿನ ಮೇಲೆಯೇ ನಾವು ಓಡಾಡುತ್ತಿದ್ದೆವು. ಉದ್ದದ ಶ್ಯಾಕಲ್ ಹಾಕಿ ಚಾರ್ಮಾಡಿ ಇಳಿದ ದಿನವೂ ಅದು ಹಾಗೆಯೇ ಇದ್ದಿರಬೇಕು. ಮೇಸ್ತ್ರಿ ಆ ತುಂಡುಗಳನ್ನು ನನ್ನ ಕೈಗೆ ಕೊಟ್ಟು, “ಮನೇಲಿ ಇಟ್ಕೊಳ್ಳಿ ಸಾರ್, ಯಾರಾದ್ರೂ ಲಿಫ್ಟ್ ಕೇಳ್ಕೊಂಡು ಬಂದ್ರೆ ಮೊದ್ಲು ಇದನ್ನ ತೋರ್ಸಿ” ಎಂದರು. ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಆ ಪ್ಲೇಟಿನ ತುಂಡು. ಶ್ಯಾಕಲ್, ಬಾಡಿ ಲಿಫ್ಟ್ ಇವೆರಡೂ ಹಳೆಯ ಪ್ಲೇಟನ್ನು ಬಿಚ್ಚಿ ನೋಡದೆಯೇ ಆಗಿಹೋಗುವ ಕೆಲಸಗಳು. ದಯವಿಟ್ಟು ಸೆಂಟರ್ ಬೋಲ್ಟ್ ತೆಗೆಸಿ ಒಂದೊಂದು ಪ್ಲೇಟನ್ನೂ ಒರೆಸಿ ನೋಡಿ, ಆಮೇಲೆ ಎಷ್ಟು ಬೇಕಾದರೂ ಎತ್ತರಿಸಿಕೊಳ್ಳಿ.

ಜೋಡಿಸುವಾಗ ಮೇಸ್ತ್ರಿ ಮಾಡಿದ ಕೆಲವು ಕೆಲಸಗಳನ್ನು ನೆನಪಿಟ್ಟುಕೊಂಡಿದ್ದೇನೆ. ಗಾಡಿ ಜಾಕಿನ ಮೇಲಿರುವಾಗ ಶ್ಯಾಕಲ್ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ನೆಲಕ್ಕಿಳಿಸಿ ಹಿಂದೆ ಮುಂದೆ ಉರುಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿದರು. ಗಾಳಿಯಲ್ಲಿ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸಲಿಲ್ಲ. ಹೊಸ ಬೋಲ್ಟುಗಳನ್ನು ಬಿಗಿದ ನಂತರ ನಟ್ಟಿನಿಂದ ಹೊರಗೆ ಮೂರು ಸುತ್ತು ಮಾತ್ರ ಉಳಿಸಿ ಉಳಿದ ಥ್ರೆಡ್ಡನ್ನು ಕತ್ತರಿಸಿ, ತುದಿಗೆ ಗ್ರೀಸ್ ಮೆತ್ತಿದರು. ಅಷ್ಟರಿಂದಲೇ ಅಲ್ಲಿ ಹದಿನೈದು ಮಿಲಿಮೀಟರಿನಷ್ಟು ಜಾಗ ಸಿಕ್ಕಿತು, ಯಾವ ಕಿಟ್ಟೂ ಇಲ್ಲದೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಕರೆಸಿಕೊಂಡು ಎಲ್ಲ ಯು ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದರು, ಎರಡು ಕಡೆ ಕಾಲು ಸುತ್ತಿನಷ್ಟು ತಿರುಗಿತು.

ಕ್ರೌನ್ ತಗಲುವ ತೊಂದರೆ ಉಳಿದೇ ಇತ್ತು, ಟೈರಿನ ಅಳತೆಯನ್ನು ನಾನು ಬದಲಿಸಲಿಲ್ಲ. ಅದಕ್ಕೆ ಉತ್ತರ ಗಾಡಿಯಲ್ಲಿ ಇರಲಿಲ್ಲ. ನಾಲ್ಕು ಜನ ಕೆಲಸದವರು ಎರಡು ದಿನ ಗುದ್ದಲಿ ಪಿಕಾಸಿ ಹಿಡಿದು ದಾರಿಯ ದಿಂಡನ್ನು ಕೆತ್ತಿ, ಆ ಮಣ್ಣನ್ನು ಕಲ್ಲುಚೂರಿನೊಂದಿಗೆ ಗಾಲಿ ಜಾಡಿಗೇ ತುಂಬಿದರು, ಏರಿನಲ್ಲಿ ಎರಡು ಕಡೆ ನೀರು ಪಕ್ಕಕ್ಕೆ ಹರಿಯುವಂತೆ ಅಡ್ಡಗಾಲುವೆ ತೋಡಿದರು. ನಾಲ್ಕು ಸಾವಿರದ ನಾನೂರು ರೂಪಾಯಿ ಕೂಲಿ. ಎಲ್ಲ ಸೇರಿ ನಲವತ್ತೊಂಬತ್ತು ಸಾವಿರದ ಒಂಬೈನೂರಕ್ಕೆ ಬಂತು.

ದಿನವೂ ಬಂಡೆಗಳ ಹಳ್ಳದಲ್ಲೇ ಗಾಡಿ ಓಡಿಸಬೇಕಾದವರು, ಸ್ವಂತ ಜಾಗದೊಳಗೆ ಮಾತ್ರ ಬಳಸುವವರು, ಎರಡು ಅಂಗುಲದ ಸ್ವದೇಶಿ ಸೆಟ್ಟನ್ನು ಉದ್ದದ ಶಾಕ್ ಮತ್ತು ಕ್ಯಾಸ್ಟರ್ ಬಿಲ್ಲೆಗಳ ಸಮೇತ ಹಾಕಿಸಿಕೊಂಡರೆ ನಾನು ತಪ್ಪೆನ್ನಲಾರೆ. ಖರ್ಚಿಗೆ ತಕ್ಕ ಉಪಯೋಗ ಆ ಐದರಲ್ಲಿ ಅದಕ್ಕೇ ಹೆಚ್ಚು. ನನ್ನ ಅಗತ್ಯ ಅಷ್ಟಿರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು, ಹಾಗಾಗಿ ಗಾಡಿಗೆ ನಿಜವಾದ ಪರೀಕ್ಷೆ ಎದುರಾದದ್ದು 2024ರ ಜುಲೈಯಲ್ಲಿ. ಎರಡು ವಾರ ಬಿಟ್ಟೂ ಬಿಡದೆ ಸುರಿದ ಆ ಮಳೆಯಲ್ಲಿ ಹಳ್ಳದ ಆಚೆಯ ಏರಿನ ಜಾಡು ಮತ್ತೆ ಕೊರೆದುಕೊಂಡಿತ್ತು. ಒಂದು ಸಲ ಟ್ರಾನ್ಸ್‌ಫರ್ ಕೇಸಿನ ಅಡ್ಡಪಟ್ಟಿ ಮಣ್ಣಿಗೆ ಉಜ್ಜಿದ ಸದ್ದು ಕೇಳಿತು, ಆದರೆ ಗಾಡಿ ನಿಲ್ಲಲಿಲ್ಲ. ಮೊದಲು ಗಾಳಿಯಲ್ಲಿ ಏಳುತ್ತಿದ್ದ ಹಿಂದಿನ ಚಕ್ರ ಈಗ ಗುಂಡಿಯೊಳಗೆ ಇಳಿದು ನೆಲವನ್ನು ಹಿಡಿಯುತ್ತಿತ್ತು. ಆ ಮಳೆಗಾಲವಿಡೀ ಟ್ರ್ಯಾಕ್ಟರಿನಿಂದ ಎಳೆಸಬೇಕಾದ ಪ್ರಸಂಗ ಒಮ್ಮೆಯೂ ಬರಲಿಲ್ಲ. ಕಾಫಿ ಕೊಯ್ಲು ಶುರುವಾಗಿ ಕಣ ತುಂಬುವ ಮೊದಲು ಗಾಡಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಟೇಪು ಹಿಡಿದೆ. ಹಾಕಿಸಿದ ವಾರದಲ್ಲಿ ಬರೆದಿಟ್ಟ ಅಳತೆಗಿಂತ ಮುಂದೆ 3, ಹಿಂದೆ 6 ಮಿಲಿಮೀಟರ್ ಇಳಿದಿತ್ತು, ಎಡ ಬಲ ಎರಡೂ ಸಮವಾಗಿತ್ತು.